ಹಳೇ ಕಾರಿಗೆ ಕಂಪನಿಯ ದಾರಿ ತೋರುವ ಯಂತ್ರ: ನಾವೇ ಜೋಡಿಸಬಹುದು

ಒಂದೇ ಕಂಪನಿಯ ಒಂದೇ ಕಾರಿನಲ್ಲಿ ಮೇಲಿನ ಮಾದರಿ, ಕೆಳಗಿನ ಮಾದರಿ ಅಂತ ಇರುತ್ತದೆ. ಮೇಲಿನ ಮಾದರಿಗೆ ಡ್ಯಾಶ್‌ಬೋರ್ಡಿನ ನಡುವೆ ಒಂದು ಪರದೆ ಕೂರಿಸಿರುತ್ತಾರೆ. ಹೋಗಬೇಕಾದ ಊರನ್ನು ಅದರಲ್ಲಿ ಒತ್ತಿದರೆ ನಕ್ಷೆ ಬಂದು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಹೇಳುತ್ತದೆ. ಇದಕ್ಕೆ ನ್ಯಾವಿಗೇಶನ್ ಅನ್ನುತ್ತಾರೆ. ಕೆಳಗಿನ ಮಾದರಿಯಲ್ಲಿ ಅದೇ ಜಾಗಕ್ಕೆ ಬರೀ ರೇಡಿಯೋ. ನಮ್ಮಂಥವರು ಕೊಳ್ಳುವುದು ಕೆಳಗಿನ ಮಾದರಿ, ಅದೂ ಇನ್ನೊಬ್ಬರು ಓಡಿಸಿ ಬಿಟ್ಟದ್ದು.

ನಮ್ಮ ಮನೆಯಲ್ಲಿರುವುದು 2017ರ ಮಾರುತಿ ಬ್ರೆಝಾ, ಕೆಳಗಿನ ಮಾದರಿ. ಆ ಕಾಲದಲ್ಲಿ ಕಂಪನಿಯವರು ಮೇಲಿನ ಮಾದರಿಗಳಿಗೆ ‘ಸ್ಮಾರ್ಟ್‌ಪ್ಲೇ’ ಅನ್ನುವ ಪರದೆ ಕೊಡುತ್ತಿದ್ದರು. ಅದರ ನಕ್ಷೆ ಒಂದು ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಅಪಘಾತವಾಗಿ ಬಿಡಿಭಾಗಕ್ಕೆ ಬಂದ ಗಾಡಿಯ ಅಂಥದೊಂದು ಯಂತ್ರ ಕೊಂಡು 2023ರ ಬೇಸಿಗೆಯಲ್ಲಿ ನಾನೇ ಜೋಡಿಸಿದೆ. ನಾನು ಓದಿದ್ದು ಏಳನೇ ಇಯತ್ತೆ. ಪಂಪಿನ ಸ್ಟಾರ್ಟರ್ ಬಿಚ್ಚಿ ಕಟ್ಟಲು ಬರುವ ಯಾವ ರೈತನಿಗಾದರೂ ಈ ಕೆಲಸ ಆಗುತ್ತದೆ. ಆದರೆ ಮೂರು ತಂತಿ ಗುರುತಿಸಲು ಬರಬೇಕು, ಫ್ಯೂಸಿನ ಮೇಲೆ ಭಕ್ತಿ ಇರಬೇಕು. ಇವೆರಡೂ ಇಲ್ಲದಿದ್ದರೆ ಗಾಡಿಗೆ ಬೆಂಕಿ ಬೀಳುವ ಕೆಲಸವೂ ಇದೇ.

ಮೊಬೈಲು ಸಾಲದೇ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಎಷ್ಟೋ ಜನಕ್ಕೆ ಮೊಬೈಲೇ ಸಾಕು. ಮೊಬೈಲಿನಲ್ಲೂ ಉಪಗ್ರಹದ ಸಂಕೇತ ಹಿಡಿಯುವ ಭಾಗ ಇದೆ, ಅದಕ್ಕೆ ಸಿಮ್ ಬೇಡ, ನೆಟ್ ಬೇಡ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು. ನೆಟ್ ಸಿಗುವ ಜಾಗದಲ್ಲಿದ್ದಾಗಲೇ ಜಿಲ್ಲೆಯ ನಕ್ಷೆ ಇಳಿಸಿಟ್ಟುಕೊಂಡರೆ ಗುಡ್ಡದ ಹಿಂದೆ ಸಿಗ್ನಲ್ ಹೋದರೂ ದಾರಿ ತೋರಿಸುತ್ತದೆ. ಖರ್ಚು ಸೊನ್ನೆ. ಇದನ್ನು ಮಾಡಿ ನೋಡದೆ ಯಾರೂ ಯಂತ್ರಕ್ಕೆ ದುಡ್ಡು ಹಾಕಬೇಡಿ.

ಹಾಗಾದರೆ ಯಂತ್ರ ಯಾಕೆ? ನಮ್ಮ ಕಡೆ, ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ, ಏಪ್ರಿಲ್ ಬಿಸಿಲಿಗೆ ಗಾಜಿನ ಹತ್ತಿರ ಇಟ್ಟ ಮೊಬೈಲು ಕಾದು ತಾನೇ ಆರಿಹೋಗುತ್ತದೆ. ಫೋನ್ ಬಂದರೆ ನಕ್ಷೆ ಮಾಯ. ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಊರಲ್ಲಿ ಇರುವುದು ಎರಡೋ ಮೂರೋ ಗಾಡಿ. ಶೇಂಗಾ ಕೀಳುವಾಗ ಹಾವು ಕಚ್ಚಿದವರನ್ನೋ, ರಾತ್ರಿ ಹೆರಿಗೆ ನೋವು ಬಂದವರನ್ನೋ ಕರೆದುಕೊಂಡು ಹೋಗಬೇಕಾದಾಗ ಸ್ಟೀರಿಂಗ್ ಹಿಡಿಯುವವರು ಒಮ್ಮೆ ನಾನು, ಒಮ್ಮೆ ಅಣ್ಣನ ಮಗ, ಒಮ್ಮೆ ಪಕ್ಕದ ಮನೆ ಹುಡುಗ. ಮೊಬೈಲು ಅದರ ಯಜಮಾನನ ಜೊತೆ ಹೋಗುತ್ತದೆ. ಯಂತ್ರ ಗಾಡಿಯಲ್ಲೇ ಇರುತ್ತದೆ. ಚಿತ್ರದುರ್ಗದ ಆಸ್ಪತ್ರೆಯ ಬಾಗಿಲು ಒಂದು ಸಲ ಅದರಲ್ಲಿ ತುಂಬಿಸಿಟ್ಟರೆ ಯಾರು ಓಡಿಸಿದರೂ ಅಲ್ಲಿಗೇ ಮುಟ್ಟಿಸುತ್ತದೆ.

ಇನ್ನೊಂದು ಮಾತು. 2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೇಂದ್ರದ ಮೋಟಾರು ವಾಹನ ನಿಯಮದ ಪ್ರಕಾರ ಓಡಿಸುವಾಗ ಮೊಬೈಲನ್ನು ದಾರಿ ನೋಡಲಿಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ತೊಡೆ ಮೇಲೆ ಇಟ್ಟುಕೊಂಡು ಬಗ್ಗಿ ನೋಡುವುದು ಇದರಲ್ಲಿ ಬರುವುದಿಲ್ಲ.

ಯಂತ್ರಕ್ಕೆ ನಾವಿರುವ ಜಾಗ ಹೇಗೆ ಗೊತ್ತಾಗುತ್ತದೆ?

ಇದನ್ನು ತಿಳಿದುಕೊಂಡರೆ ಆಂಟೆನಾ ಎಲ್ಲಿ ಇಡಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ಜಿಪಿಎಸ್ ಉಪಗ್ರಹಗಳು ಅಮೆರಿಕದವು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಒಂದೊಂದರಲ್ಲೂ ಬಹಳ ಕರಾರುವಾಕ್ಕಾದ ಗಡಿಯಾರ ಇದೆ. ‘ಈಗ ಇಷ್ಟು ಹೊತ್ತು, ನಾನು ಇಂಥಲ್ಲಿದ್ದೇನೆ’ ಅಂತ ಅವು ರೇಡಿಯೋ ಮೂಲಕ ಸಾರುತ್ತಲೇ ಇರುತ್ತವೆ. ಆ ಸಂಕೇತ ಬರಲು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ನಮ್ಮ ಯಂತ್ರ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗ, ಎತ್ತರ ಎರಡೂ ಸಿಗುತ್ತವೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಹೊತ್ತು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಗಡಿಯಾರದ ಬೆಲೆ ಅಷ್ಟು.

ನಮ್ಮ ಯಂತ್ರ ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಅದಕ್ಕೇ ತಿಂಗಳ ಬಾಡಿಗೆ ಇಲ್ಲ. ಮೊದಲು ಅಮೆರಿಕದವರು ಸಾರ್ವಜನಿಕರಿಗೆ ಬೇಕೆಂದೇ ಸಂಕೇತವನ್ನು ಸ್ವಲ್ಪ ಕೆಡಿಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆಯೇ ಕಾರಿನ ಯಂತ್ರಗಳು ಊರೂರಿಗೆ ಬಂದದ್ದು. ನಮ್ಮ ದೇಶದ್ದೇ ಆದ ನಾವಿಕ್ ಅನ್ನುವ ವ್ಯವಸ್ಥೆಯೂ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ನೆಲದಿಂದ ಅದನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ.

ಇಷ್ಟು ದೂರದಿಂದ ಬರುವ ಸಂಕೇತ ಬಹಳ ಕ್ಷೀಣ. ತಗಡಿನ ಕೆಳಗೆ ಸಿಗುವುದಿಲ್ಲ. ಗಾಜು, ಪ್ಲಾಸ್ಟಿಕ್ ದಾಟಿ ಬರುತ್ತದೆ. ಆಕಾಶ ಕಾಣಬೇಕು ಅನ್ನುವುದೇ ಸೂತ್ರ. ಬಯಲುಸೀಮೆಯವರಿಗೆ ಆಕಾಶಕ್ಕೇನು ಬರ!

ಕೊಳ್ಳುವಾಗ ಮೋಸ ಹೋಗುವ ಜಾಗ

ದುಡ್ಡು ಮುಳುಗುವುದು ಜೋಡಿಸುವಾಗ ಅಲ್ಲ, ಕೊಳ್ಳುವಾಗ. ಕಂಪನಿಯ ಯಂತ್ರಗಳಿಗೆ ಬೀಗ ಇರುತ್ತದೆ. ಕೆಲವು ಯಂತ್ರ ಒಂದು ಸಲ ಬ್ಯಾಟರಿಯಿಂದ ಬೇರೆಯಾದರೆ ಮತ್ತೆ ಶುರುಮಾಡುವಾಗ ಗುಪ್ತ ಸಂಖ್ಯೆ ಕೇಳುತ್ತವೆ. ಕೆಲವು ಹಳೇ ಗಾಡಿಯ ಚಾಸಿ ನಂಬರಿಗೇ ಅಂಟಿಕೊಂಡಿರುತ್ತವೆ. ಕಳ್ಳತನ ತಡೆಯಲು ಮಾಡಿದ್ದು ಇದು. ಸಂಖ್ಯೆ ಇಲ್ಲದ ಯಂತ್ರ ಬರೀ ಪೆಟ್ಟಿಗೆ.

ನಾನು ನೋಡಿಕೊಂಡ ಅಂಶಗಳು ಇವು:

1. ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟು ಹೊತ್ತಿಸಿ ತೋರಿಸಬೇಕು. ಬಿಚ್ಚಿ ಮತ್ತೆ ಕೊಟ್ಟು ಎರಡನೇ ಸಲವೂ ಹೊತ್ತಿಸಬೇಕು. ಸಂಖ್ಯೆ ಕೇಳುವ ಯಂತ್ರವಾದರೆ ಆಗ ಕೇಳುತ್ತದೆ.

2. ನಕ್ಷೆಯ ಮೂಲ ಕಾರ್ಡ್ ಜೊತೆಗಿರಬೇಕು. ನಕಲು ಮಾಡಿದ ಕಾರ್ಡನ್ನು ಅನೇಕ ಯಂತ್ರಗಳು ಒಪ್ಪುವುದಿಲ್ಲ.

3. ಹಿಂದೆ ಇರುವ ಚೀಟಿಯ ಭಾಗದ ಸಂಖ್ಯೆ ಬರೆದುಕೊಂಡು, ನಮ್ಮ ಗಾಡಿಯ ಮೇಲಿನ ಮಾದರಿಗೆ ಅದೇ ಬರುತ್ತದೆಯೇ ಅಂತ ಬಿಡಿಭಾಗದ ಅಂಗಡಿಯಲ್ಲಿ ಕೇಳಬೇಕು.

4. ಬಿಲ್ಲು ತೆಗೆದುಕೊಳ್ಳಬೇಕು. ಬಿಲ್ಲು ಕೊಡದವನ ಯಂತ್ರ ಎಲ್ಲಿಂದ ಬಂತು ಅಂತ ನಮಗೆ ಗೊತ್ತಿಲ್ಲ. ನಾಳೆ ಪೊಲೀಸರು ಬಂದರೆ ಉತ್ತರ ಹೇಳಬೇಕಾದವರು ನಾವು.

5. ಆಂಟೆನಾ ಮತ್ತು ಅದರ ತಂತಿ, ಕೂರಿಸುವ ಚೌಕಟ್ಟು, ನಡುವೆ ಹಾಕುವ ಪ್ಲಗ್ ಮಾಲೆ ಕೇಳಿ ಪಡೆಯಬೇಕು.

ಪರದೇಶದ ದುಬಾರಿ ಕಾರುಗಳಲ್ಲಿ ಯಂತ್ರ, ಮೀಟರು, ಎಂಜಿನ್ ಪೆಟ್ಟಿಗೆ ಎಲ್ಲವೂ ಹೆಣೆದ ಎರಡು ತಂತಿಯ ಮೇಲೆ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಅಲ್ಲಿ ಹೊಸ ಯಂತ್ರ ಬಂದಿದೆ ಅಂತ ಕಂಪ್ಯೂಟರಿನಿಂದ ಗಾಡಿಗೆ ಹೇಳದ ಹೊರತು ಕೆಲಸ ಮಾಡುವುದಿಲ್ಲ. ಅದು ನಮ್ಮ ಕೈಯ ಕೆಲಸ ಅಲ್ಲ. ವಾರಂಟಿ ಇನ್ನೂ ಇರುವ ಗಾಡಿಗೂ ಕೈ ಹಾಕಬೇಡಿ.

ಬಿಚ್ಚುವ ಮೊದಲು

ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಹತ್ತು ನಿಮಿಷ ಕಾಯಿರಿ. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಕರೆಂಟು ಹಿಡಿದಿಟ್ಟಿರುತ್ತದೆ. ಹಳದಿ ಬಣ್ಣದ ಪ್ಲಗ್ಗು ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಬಿಚ್ಚುವುದಿರಲಿ, ಮೀಟರಿನ ಮುಳ್ಳು ಕೂಡ ತಾಗಿಸಬಾರದು. ಕಿಟಕಿಯ ಗಾಜು ಇಳಿಸಿಟ್ಟು, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಬ್ಯಾಟರಿ ಬಿಚ್ಚಿ ಹಾಕುವಾಗ ಬಾಗಿಲು ತಾನೇ ಲಾಕ್ ಆಗುವುದುಂಟು.

ರೇಡಿಯೋ ಸುತ್ತಿನ ಪ್ಲಾಸ್ಟಿಕ್ ಚೌಕಟ್ಟು ಕೊಕ್ಕೆಗಳ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಗೀರು ಬೀಳುತ್ತದೆ. ಬಿದಿರಿನ ದಬ್ಬೆಯನ್ನು ತೆಳ್ಳಗೆ ಕೆತ್ತಿಕೊಂಡು ಸುತ್ತಲೂ ಸ್ವಲ್ಪಸ್ವಲ್ಪವೇ ಎಬ್ಬಿಸಿ. ಒಳಗೆ ನಾಲ್ಕು ಸ್ಕ್ರೂ. ರೇಡಿಯೋ ಎಳೆದರೆ ಹಿಂದಿನ ಪ್ಲಗ್ಗು ಕಾಣುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮೂರು ತಂತಿಯ ಗುರುತು

ಹೊರಗಿನ ಅಂಗಡಿ ಯಂತ್ರಗಳಲ್ಲಿ ಹಳದಿ ಎಂದರೆ ಯಾವಾಗಲೂ ಕರೆಂಟು ಇರುವ ತಂತಿ, ಕೆಂಪು ಎಂದರೆ ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಎಂದರೆ ಅರ್ಥ್. ಕಾರು ಕಂಪನಿಗಳ ತಂತಿಗೆ ಈ ಬಣ್ಣದ ನಿಯಮ ಇಲ್ಲ. ಬಣ್ಣ ನಂಬಬೇಡಿ, ಮೀಟರು ನಂಬಿ. ಪಂಪಿನ ಕೆಲಸಕ್ಕೆ ಇಟ್ಟುಕೊಂಡ ಸಾದಾ ಮಲ್ಟಿಮೀಟರು ಸಾಕು.

ರೇಡಿಯೋ ಹೊರಗೆ ಬಂದ ಮೇಲೆ ಪರೀಕ್ಷೆಗಾಗಿ ಬ್ಯಾಟರಿಯನ್ನು ಮತ್ತೆ ಹಾಕಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಮುಳ್ಳನ್ನು ಗಾಡಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ಹಿಡಿದು, ಕೆಂಪು ಮುಳ್ಳಿನಿಂದ ರೇಡಿಯೋ ಪ್ಲಗ್ಗಿನ ಒಂದೊಂದೇ ಕಿಂಡಿ ಮುಟ್ಟುತ್ತಾ ಹೋಗಿ.

ಕೀಲಿ ತೆಗೆದಾಗಲೂ 12 ತೋರಿಸಿದರೆ ಅದು ನಿತ್ಯದ ತಂತಿ. ಯಂತ್ರದ ನೆನಪು ಉಳಿಯುವುದು ಇದರಿಂದ.

ಕೀಲಿ ತೆಗೆದಾಗ ಸೊನ್ನೆ, ಮೊದಲ ಹಲ್ಲಿಗೆ ತಿರುಗಿಸಿದಾಗ 12 ಬಂದರೆ ಅದು ಕೀಲಿ ತಂತಿ. ಯಂತ್ರಕ್ಕೆ ‘ಏಳು, ಮಲಗು’ ಅಂತ ಹೇಳುವುದು ಇದು.

ಮೀಟರನ್ನು ಓಮ್ಸ್‌ಗೆ ತಿರುಗಿಸಿದಾಗ ಕಬ್ಬಿಣಕ್ಕೂ ಕಿಂಡಿಗೂ ನಡುವೆ ಹೆಚ್ಚುಕಮ್ಮಿ ಸೊನ್ನೆ ಬಂದರೆ ಅದು ಅರ್ಥ್. ಓಮ್ಸ್ ನೋಡುವಾಗ ಬ್ಯಾಟರಿ ಬಿಚ್ಚಿರಬೇಕು.

ನಾಲ್ಕನೆಯದು ಒಂದಿದೆ. ಪಾರ್ಕಿಂಗ್ ದೀಪ ಹಾಕಿದಾಗ ಮಾತ್ರ ಕರೆಂಟು ಬರುವ ತಂತಿ. ರಾತ್ರಿ ಪರದೆಯ ಬೆಳಕು ಇಳಿಸಲು ಅದು ಬೇಕು. ಇಲ್ಲದಿದ್ದರೆ ಕತ್ತಲ ದಾರಿಯಲ್ಲಿ ಪರದೆ ಕಣ್ಣಿಗೆ ಹೊಡೆಯುತ್ತದೆ.

ಉಳಿದವು ಸ್ಪೀಕರಿನ ಜೋಡಿಗಳು. ಓಮ್ಸ್‌ನಲ್ಲಿ ಸುಮಾರು 4 ತೋರಿಸಿದರೆ ಒಂದು ಜೋಡಿ. ಗಡಿಯಾರದ ಒಂದೂವರೆ ವೋಲ್ಟಿನ ಶೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಯಾವ ಸ್ಪೀಕರು ಅಂತ ಅದೇ ಚರಕ್ಕೆಂದು ಹೇಳುತ್ತದೆ. ಸ್ಪೀಕರಿನ ಯಾವ ತಂತಿಯನ್ನೂ ಅರ್ಥ್‌ಗೆ ಸೇರಿಸಬಾರದು, ಯಂತ್ರ ಸುಡುತ್ತದೆ.

ಕೀಲಿ ತಂತಿ ಸಿಗಲಿಲ್ಲ ಅಂತ ಎರಡನ್ನೂ ನಿತ್ಯದ ತಂತಿಗೇ ಸೇರಿಸಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಆಗ ಯಂತ್ರ ಮಲಗುವುದೇ ಇಲ್ಲ. ಒಂದೂವರೆ ಆಂಪಿಯರ್ ಎಳೆದರೂ ಹನ್ನೆರಡು ಗಂಟೆಗೆ 18 ಆಂಪಿಯರ್-ಗಂಟೆ ಆಯಿತು. 35ರ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿ. ನಡುರಾತ್ರಿ ರೋಗಿಯನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದಾಗ ಗಾಡಿ ಬರೀ ಟಕ್ ಟಕ್ ಅಂದರೆ ಆ ನಕ್ಷೆಯಿಂದ ಏನು ಉಪಯೋಗ? ಎಲ್ಲ ಜೋಡಿಸಿದ ಮೇಲೆ ಕೀಲಿ ತೆಗೆದು, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು, ಬ್ಯಾಟರಿಯ ಮೈನಸ್ ತಂತಿಯ ನಡುವೆ ಮೀಟರನ್ನು ಆಂಪಿಯರಿಗೆ ಇಟ್ಟು ನೋಡಿ. ಇಡೀ ಗಾಡಿ ಎಳೆಯುವುದು 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಮೀಟರು ಹೀಗಿರುವಾಗ ಗಾಡಿ ಸ್ಟಾರ್ಟ್ ಮಾಡಬಾರದು, ಮೀಟರು ಸುಡುತ್ತದೆ.

ಕತ್ತರಿ ಬೇಡ, ಫ್ಯೂಸು ಬೇಕು

ಕಂಪನಿಯ ಪ್ಲಗ್ಗನ್ನು ಕತ್ತರಿಸಬೇಡಿ. ಒಂದು ಕಡೆ ಗಾಡಿಯ ಪ್ಲಗ್ಗಿಗೆ, ಇನ್ನೊಂದು ಕಡೆ ಯಂತ್ರದ ಪ್ಲಗ್ಗಿಗೆ ಕೂರುವ ಮಾಲೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೂ ಮೀಟರಿನಿಂದ ಪರೀಕ್ಷಿಸಿಯೇ ಹಾಕಬೇಕು. ನಾಳೆ ಬೇಡವಾದರೆ ಹಳೇ ರೇಡಿಯೋ ಹಾಗೇ ಕೂರುತ್ತದೆ. ಸೇರಿಸಲೇಬೇಕಾದ ತಂತಿ ಇದ್ದರೆ ಬೆಸುಗೆ ಹಾಕಿ, ಮೇಲೆ ಕುಗ್ಗುವ ಕೊಳವೆ ಹಾಕಿ. ಬರೀ ಸುತ್ತಿ ಟೇಪ್ ಹಚ್ಚಿದರೆ ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಹೋಬಳಿಯ ಪರಿಚಯದವರೊಬ್ಬರು ಪಟ್ಟಣದ ಒಂದು ಅಂಗಡಿಯಲ್ಲಿ ಇದೇ ಕೆಲಸ ಮಾಡಿಸಿದ್ದರು. ಅಂಗಡಿಯವನು ತಂತಿ ಕತ್ತರಿಸಿ, ಸುತ್ತಿ, ಟೇಪ್ ಹಚ್ಚಿ ಕಳಿಸಿದ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂದಾಗ ದೊಡ್ಡ ಫ್ಯೂಸ್ ಹಾಕಿ ಕೊಟ್ಟ. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡಿನ ಒಳಗಿಂದ ಹೊಗೆ ಬಂತು. ಹಗಲು, ನಿಂತ ಗಾಡಿ, ಬ್ಯಾಟರಿ ಕಿತ್ತು ಉಳಿಸಿಕೊಂಡರು. ಫ್ಯೂಸ್ ಹೋಗುವುದು ರೋಗ ಅಲ್ಲ, ರೋಗದ ಸುದ್ದಿ. ಸುದ್ದಿ ತಂದವನನ್ನು ಹೊರಗೆ ಹಾಕಿದರೆ ರೋಗ ಹೋಗುತ್ತದೆಯೇ?

ಆದ್ದರಿಂದ ಗಾಡಿಯಲ್ಲಿ ರೇಡಿಯೋಗೆ ಎಷ್ಟರ ಫ್ಯೂಸ್ ಇದೆಯೋ ಅಷ್ಟನ್ನೇ ಇಡಿ. ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಬ್ಯಾಟರಿಯಿಂದ ಹೊಸ ತಂತಿ ಎಳೆಯಬೇಕಾಗಿ ಬಂದರೆ ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಹತ್ತಿರ, ಯಂತ್ರದ ಹತ್ತಿರ ಅಲ್ಲ. ದಾರಿಯಲ್ಲಿ ಎಲ್ಲಿ ತಂತಿ ಸವೆದು ಕಬ್ಬಿಣಕ್ಕೆ ತಾಗಿದರೂ ಅದು ಕಾಯಬೇಕು. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಉಂಗುರ ಹಾಕಿ.

ಆಂಟೆನಾ

ಜಿಪಿಎಸ್ ಆಂಟೆನಾ ಬೆಂಕಿಪೊಟ್ಟಣದಷ್ಟು ಇರುತ್ತದೆ. ಕಂಪನಿ ತಂತಿಯ ತುದಿಯ ಪ್ಲಗ್ಗು ಸಾಮಾನ್ಯವಾಗಿ ನೀಲಿ. ಆ ತಂತಿಯಲ್ಲೇ ಆಂಟೆನಾಕ್ಕೆ ಬೇಕಾದ ಸಣ್ಣ ಕರೆಂಟೂ ಹೋಗುತ್ತದೆ. ಅದನ್ನು ಕತ್ತರಿಸಿ ಉದ್ದ ಮಾಡಬಾರದು. ಹೆಚ್ಚಾದರೆ ದೊಡ್ಡ ಸುತ್ತು ಮಾಡಿ ಒಳಗಿಡಿ. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಒಳಗೆ, ಮುಖ ಮೇಲಕ್ಕೆ ಮಾಡಿ ಕೂರಿಸಿದರೆ ಸಾಕು. ಮೇಲೆ ಕಬ್ಬಿಣದ ಪಟ್ಟಿ ಇರಬಾರದು. ಗಾಜಿಗೆ ಬಿಸಿಲು ತಡೆಯುವ ಲೋಹದ ಅಂಶದ ಹಾಳೆ ಅಂಟಿಸಿದ್ದರೆ ಸಂಕೇತ ಒಳಗೆ ಬರುವುದಿಲ್ಲ.

ಚಕ್ರದ ವೇಗ ತಿಳಿಸುವ ಒಂದು ತಂತಿಯನ್ನೂ ಕಂಪನಿಯವರು ಯಂತ್ರಕ್ಕೆ ಕೊಟ್ಟಿರುತ್ತಾರೆ. ಸುರಂಗದಲ್ಲಿ, ಮೇಲ್ಸೇತುವೆಯ ಕೆಳಗೆ ಉಪಗ್ರಹ ಸಿಗದಾಗ ಚಕ್ರ ಎಷ್ಟು ಉರುಳಿತು ಅಂತ ಎಣಿಸಿ ಅಂದಾಜು ಮಾಡಲು ಅದು. ಬಯಲಿನಲ್ಲಿ ಓಡುವ ನಮಗೆ ಅಷ್ಟು ಅಗತ್ಯವಿಲ್ಲ. ಪ್ಲಗ್ಗಿನಲ್ಲೇ ಬಂದಿದ್ದರೆ ಸರಿ, ಅದಕ್ಕಾಗಿ ಮೀಟರಿನ ಹಿಂದೆ ಕೈ ಹಾಕುವುದು ಬೇಡ.

ಬಹುಕಾಲ ಬಿಚ್ಚಿಟ್ಟ ಯಂತ್ರಕ್ಕೆ ಯಾವ ಉಪಗ್ರಹ ಎಲ್ಲಿದೆ ಅನ್ನುವುದು ಮರೆತಿರುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಆಕಾಶದಿಂದ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಮೊದಲ ದಿನ ಗಾಡಿಯನ್ನು ಕಣದಲ್ಲಿ ನಿಲ್ಲಿಸಿ ಕಾಲು ಗಂಟೆ ಸುಮ್ಮನೆ ಬಿಡಿ. ಕೆಟ್ಟಿದೆ ಅಂತ ಅವಸರ ಪಟ್ಟು ಬಿಚ್ಚಬೇಡಿ.

ನಮ್ಮ ಜಾಗ ನಾವೇ ತುಂಬಬೇಕು

ಕಾರ್ಡಿನ ನಕ್ಷೆಯಲ್ಲಿ ಪಟ್ಟಣಗಳಿವೆ. ನಮ್ಮ ಹಟ್ಟಿ, ಹೊಲದ ದಾರಿ ಇರುವುದಿಲ್ಲ. ಅವನ್ನು ಅಕ್ಷಾಂಶ ರೇಖಾಂಶದ ಅಂಕಿಯಿಂದ ತುಂಬಬೇಕು. ಚಳ್ಳಕೆರೆ ಉತ್ತರಕ್ಕೆ ಸುಮಾರು 14.31 ಡಿಗ್ರಿ, ಪೂರ್ವಕ್ಕೆ 76.65 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಬಿಂದುವಿನ ನಂತರ ಮೂರನೇ ಅಂಕಿ 111 ಮೀಟರ್, ನಾಲ್ಕನೆಯದು 11 ಮೀಟರ್. ಮನೆ ಬಾಗಿಲು ಬೇಕಾದರೆ ನಾಲ್ಕು ಅಂಕಿ ಬರೆದುಕೊಳ್ಳಿ.

ಇಲ್ಲಿ ಎಚ್ಚರಿಕೆ. ಕೆಲವು ಯಂತ್ರ 14.30 ಅಂತ ದಶಾಂಶದಲ್ಲಿ ಕೇಳುತ್ತವೆ, ಕೆಲವು 14 ಡಿಗ್ರಿ 30 ನಿಮಿಷ ಅಂತ. ಎರಡೂ ಒಂದೇ ಅಲ್ಲ. ಡಿಗ್ರಿಗೆ 60 ನಿಮಿಷ, ಆದ್ದರಿಂದ 14 ಡಿಗ್ರಿ 30 ನಿಮಿಷ ಎಂದರೆ 14.50. ವ್ಯತ್ಯಾಸ 22 ಕಿಲೋಮೀಟರ್.

ನಾನು ತುಂಬಿಸಿಟ್ಟಿರುವುದು ಇವು: ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ, ಹೆರಿಗೆಯ ವಾರ್ಡಿನ ಬಾಗಿಲು, ರಕ್ತನಿಧಿ, ರಾತ್ರಿ ತೆರೆದಿರುವ ಡೀಸೆಲ್ ಬಂಕು, ಶೇಂಗಾ ಮಾರುಕಟ್ಟೆ, ಪಶು ಆಸ್ಪತ್ರೆ. ಆ ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು ಗಾಡಿಯ ಗೂಡಿನಲ್ಲೂ ಇಟ್ಟಿದ್ದೇನೆ. ಯಂತ್ರ ಕೆಟ್ಟರೆ ಯಾರ ಮೊಬೈಲಿನಲ್ಲಾದರೂ ಅದೇ ಅಂಕಿ ಒತ್ತಬಹುದು. ಔಷಧಿ ಇವತ್ತು ಇದೆಯೇ ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ಹೊರಡುವಾಗ ಒಬ್ಬರು ಫೋನ್ ಮಾಡಿ ಕೇಳಲೇಬೇಕು.

ಯಂತ್ರಕ್ಕೆ ಗೊತ್ತಿಲ್ಲದ್ದು

ಕಾರ್ಡಿನ ನಕ್ಷೆ ಅದು ತಯಾರಾದ ವರ್ಷಕ್ಕೆ ನಿಂತಿರುತ್ತದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಜಾಗ ದೊಡ್ಡ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದವು. ವಿಮಾನ ಪರೀಕ್ಷೆಯ ಕೇಂದ್ರವೇ 2017ರಲ್ಲಿ ಉದ್ಘಾಟನೆ ಆಯಿತು. ಕಾವಲಿನ ಒಳಗೆ ಹಾಯುತ್ತಿದ್ದ ಬಂಡಿದಾರಿಗಳು ಗೋಡೆಗೆ ಹೋಗಿ ನಿಲ್ಲುತ್ತವೆ. ಹಳೇ ನಕ್ಷೆಗೆ ಗೋಡೆ ಕಾಣುವುದಿಲ್ಲ. ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೂ ನಕ್ಷೆಯಲ್ಲಿ ಅದು ಸೇತುವೆಯೇ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದ ವರ್ಷ ವೇದಾವತಿ ಹೇಗೆ ಹರಿಯಿತು ಅಂತ ಕಂಡವರಿಗೆ ಇದು ಹೇಳಬೇಕಿಲ್ಲ. ಮಳೆ ರಾತ್ರಿಯಲ್ಲಿ ಯಂತ್ರ ‘ನೇರ ಹೋಗು’ ಅಂದರೂ ದೀಪ ಹಾಕಿ ನಿಂತು ನೋಡಿಯೇ ಹೋಗಬೇಕು. ಹತ್ತಿರದ ಹಳ್ಳಿಯವರನ್ನು ಕೇಳುವುದು ಇವತ್ತಿಗೂ ಒಳ್ಳೆಯ ನ್ಯಾವಿಗೇಶನ್.

ಖರ್ಚು

2023ರಲ್ಲಿ ನನಗೆ ಬಂದ ಲೆಕ್ಕ: ಹಳೇ ಯಂತ್ರ, ಮೂಲ ಕಾರ್ಡ್ ಸಹಿತ ರೂ. 7,500. ಚೌಕಟ್ಟು ಮತ್ತು ಪ್ಲಗ್ ಮಾಲೆ ರೂ. 900. ಆಂಟೆನಾ ರೂ. 350. ಫ್ಯೂಸಿನ ಮನೆ, ಕೊಳವೆ, ಬೆಸುಗೆ ತಂತಿ ರೂ. 120. ಒಟ್ಟು ರೂ. 8,870. ಕೂಲಿ ಇಲ್ಲ. ಒಂದು ದಿನದ ಕೆಲಸ, ಅದರಲ್ಲಿ ಅರ್ಧ ದಿನ ಮೀಟರಿನಿಂದ ತಂತಿ ಗುರುತಿಸುವುದಕ್ಕೇ ಹೋಯಿತು. ಆ ಅರ್ಧ ದಿನ ಉಳಿಸಲು ಹೋಗಬೇಡಿ.

ಬರೀ ಸಂತೆಗೆ ಹೋಗಿ ಬರುವ ಗಾಡಿಗೆ ಇದು ಬೇಡ, ಮೊಬೈಲಿನಲ್ಲಿ ನಕ್ಷೆ ಇಳಿಸಿಟ್ಟುಕೊಳ್ಳಿ. ನಾಲ್ಕು ಕೈ ಓಡಿಸುವ, ರಾತ್ರಿ ಊರಿನ ಕಷ್ಟಕ್ಕೆ ಹೊರಡುವ ಗಾಡಿಯಾದರೆ ಜೋಡಿಸಬಹುದು. ಟ್ರ್ಯಾಕ್ಟರಿಗೋ ಸರಕು ಗಾಡಿಗೋ ಇಂಥದನ್ನು ಕೂರಿಸಿದ ರೈತರಿದ್ದರೆ ತಂತಿ ಎಲ್ಲಿಂದ ತೆಗೆದಿರಿ, ಧೂಳು ಹೇಗೆ ತಡೆದಿರಿ ಅನ್ನುವುದನ್ನು ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ತಿಳಿಯಲಿ.